ಹದಿನೇಳರ ಹೀರೋ, ಐವತ್ತೆಂಟರ ಗೆಳೆಯ

ಕನ್ನಡ ಕೂಟದಲ್ಲಿ ನಾಟಕ ಆಡಿಸುವವರಿಗೆ ಒಂದು ಗ್ರಹಚಾರವಿದೆ. ವೇದಿಕೆಯ ಮೇಲೆ ಇಪ್ಪತ್ತು ನಿಮಿಷದ ನಾಟಕ ನಡೆಯಬೇಕಾದರೆ, ವೇದಿಕೆಯ ಕೆಳಗೆ ಮೂರು ತಿಂಗಳು ಇನ್ನೊಂದು ನಾಟಕ ನಡೆಯುತ್ತದೆ. ಅದಕ್ಕೆ ಪರದೆ ಇಲ್ಲ, ಟಿಕೆಟ್ ಇಲ್ಲ, ನಿರ್ದೇಶಕಿಯ ಮಾತು ಕೇಳುವವರು ಮೊದಲೇ ಇಲ್ಲ. ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ಇಂಥ ಜೋಡಿ ನಾಟಕಗಳನ್ನು ನೋಡುತ್ತ ಬಂದಿದ್ದೇನೆ. ಹೋದ ವರ್ಷದ್ದನ್ನು ಮಾತ್ರ ಬರೆದಿಡಲೇಬೇಕು ಅನ್ನಿಸಿದೆ.

ಎಲ್ಲ ಶುರುವಾದದ್ದು ನಮ್ಮ ಯಜಮಾನರ ಟೀವಿಯಿಂದ. ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ಅವರು ಹಳೆಯ ಧಾರಾವಾಹಿಗಳನ್ನೇ ತೋರಿಸುವ ಒಂದು ಚಾನೆಲ್ ಹಾಕುತ್ತಾರೆ. ಅದರಲ್ಲಿ ಒಂದು ಕಪ್ಪು-ಬಿಳುಪಿನ ಹಾಸ್ಯ ಧಾರಾವಾಹಿ ಬರುತ್ತದೆ. ನಾಯಕ ಹೈಸ್ಕೂಲ್ ಹುಡುಗ. ವಾರಕ್ಕೊಬ್ಬಳನ್ನು ಪ್ರೀತಿಸುತ್ತಾನೆ. ಪ್ರತಿ ವಾರವೂ ಅವನ ಗೆಳೆಯ ತಪ್ಪು ಸಲಹೆ ಕೊಡುತ್ತಾನೆ, ಚಪ್ಪಲಿ ಅಂಗಡಿ ಇಟ್ಟಿರುವ ಅಪ್ಪ ಬೈಯುತ್ತಾನೆ, ಕೊನೆಗೆ ಹುಡುಗಿ ಬೇರೆ ಯಾರದೋ ಕಾರು ಹತ್ತಿ ಹೋಗುತ್ತಾಳೆ. ನೋಡುವವರು ಬಿದ್ದು ಬಿದ್ದು ನಗುತ್ತಾರೆ.

ನನಗೆ ಮಾತ್ರ ಆ ಹುಡುಗನ ಮೇಲೆ ನಿಜವಾದ ಗೌರವ. ಈ ವಾರ ಅಳುಮೋರೆ ಹಾಕಿಕೊಂಡು ಮನೆಗೆ ಹೋದವನು ಮುಂದಿನ ವಾರ ತಲೆ ಬಾಚಿಕೊಂಡು ಮತ್ತೆ ಹಾಜರು. ನಾವಾದರೋ ಒಂದು ಸಲ ಉಪ್ಪಿಟ್ಟು ಮುದ್ದೆಯಾದರೆ ತಿಂಗಳುಗಟ್ಟಲೆ ರವೆ ಡಬ್ಬ ಮುಟ್ಟುವುದಿಲ್ಲ. ಇಂಥ ಧೈರ್ಯವನ್ನು ಕನ್ನಡಿಗರಿಗೂ ತೋರಿಸಬೇಕೆಂದು ಅದೇ ಮಾದರಿಯಲ್ಲಿ ಒಂದು ಪುಟ್ಟ ನಾಟಕ ಬರೆದೆ. ಆ ವರ್ಷ ಶಿಕಾಗೋ ಮತ್ತು ಡೆಟ್ರಾಯಿಟ್ ಕಡೆಯ ಕೂಟಗಳು ಸೇರಿ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿ ಒಟ್ಟಿಗೆ ರಾಜ್ಯೋತ್ಸವ ಮಾಡುವುದೆಂದು ತೀರ್ಮಾನವಾಗಿತ್ತು. ಹಾಗಾಗಿ ಪಾತ್ರಧಾರಿಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ. ನಡುವೆ ನಾಲ್ಕೂವರೆ ಗಂಟೆಯ ಹೈವೇ, ಮತ್ತು ನಮ್ಮ ಟೀವಿಗೆ ಸಿಕ್ಕಿಸಿದ ಒಂದು ವಿಡಿಯೋ ಕಾಲ್.

೧. ಹೀರೋ ಸಿಕ್ಕಿದ್ದು

‘ನಾಯಕನ ಪಾತ್ರಕ್ಕೆ ಹುಡುಗ ಬೇಕು, ವಯಸ್ಸು ಹದಿನೇಳು’ ಎಂದು ಕೂಟದ ವಾಟ್ಸಾಪ್ ಗುಂಪಿನಲ್ಲಿ ಸ್ಪಷ್ಟವಾಗಿ ಹಾಕಿದ್ದೆ. ಒಂಬತ್ತು ಜನ ಬಂದರು. ಅವರಲ್ಲಿ ಅತಿ ಕಿರಿಯರಿಗೆ ನಲವತ್ತೊಂದು.

ನಿಜವಾದ ಹದಿನೇಳು ವರ್ಷದವನೂ ಒಬ್ಬ ಬಂದಿದ್ದ, ಆದರೆ ನಾಟಕಕ್ಕಲ್ಲ. ನಮ್ಮ ಪಕ್ಕದೂರು ನೇಪರ್‌ವಿಲ್‌ನವನು. ಅವನಮ್ಮ ನಮ್ಮ ಕೂಟದ ನಾಟಕಗಳಿಗೆ ವಸ್ತ್ರಾಲಂಕಾರ ಮಾಡುವವರು. ಮಗನಿಗೆ ಹೊಸದಾಗಿ ಲೈಸೆನ್ಸ್ ಬಂದಿದ್ದರಿಂದ ಅಮ್ಮನನ್ನು ಎಲ್ಲಿಗೆ ಬೇಕಾದರೂ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬಂದು ಮೆಟ್ಟಿಲ ಮೇಲೆ ಕೂತು ಕಿವಿಗೆ ಇಯರ್‌ಫೋನ್ ತುರುಕಿಕೊಂಡರೆ ಮುಗಿಯಿತು. “ನಾಟಕ ಮಾಡ್ತೀಯೇನೋ?” ಎಂದು ಕೇಳಿದ್ದಕ್ಕೆ, “ನೋ ಥ್ಯಾಂಕ್ಸ್, ಆಂಟಿ” ಎಂದು ಬಹಳ ಮರ್ಯಾದೆಯಾಗಿ ಹೇಳಿದ್ದ.

ಅಷ್ಟರಲ್ಲಿ ನಾರ್ತ್‌ವಿಲ್ ಕಡೆಯ ವಿಡಿಯೋ ಕಾಲ್ ಶುರುವಾಯಿತು. ನಾಯಕಿಯ ಪಾತ್ರಕ್ಕೆ ಅಲ್ಲಿನ ಒಬ್ಬ ಹುಡುಗಿಯನ್ನು ಆರಿಸಿದ್ದರು. ಧಾರವಾಡದ ಕಡೆಯ ಮನೆತನ. ಅಜ್ಜಿಯ ಜೊತೆ ಬೆಳೆದವಳಾದ್ದರಿಂದ ಬಾಯಲ್ಲಿ ಗಟ್ಟಿ ಕನ್ನಡ. ನಾನು ಕೊಟ್ಟ ಮೊದಲ ಮಾತನ್ನು ಅವಳು ಓದಿದಳು: “ಏನ್ರೀ, ನಿಮಗ ಬ್ಯಾರೆ ಕೆಲಸ ಇಲ್ಲೇನು?”

ಮೆಟ್ಟಿಲ ಮೇಲಿದ್ದವನು ಒಂದು ಕಿವಿಯ ಇಯರ್‌ಫೋನ್ ತೆಗೆದ. ಆಮೇಲೆ ಇನ್ನೊಂದನ್ನೂ ತೆಗೆದ. ಎದ್ದು ಬಂದು ನನ್ನ ಮುಂದೆ ನಿಂತು, “ಆಂಟಿ, ಐ ವಾಂಟ್ ಟು ಬಿ ದ ಹೀರೋ” ಅಂದ.

ಅವನಮ್ಮನ ಕೈಯಲ್ಲಿದ್ದ ಅಳತೆ ಟೇಪು ಜಾರಿ ಕೆಳಗೆ ಬಿತ್ತು. “ನೋಡಿದ್ರಾ? ಹದಿನೇಳು ವರ್ಷ ಕಾದಿದ್ದಕ್ಕೂ ಸಾರ್ಥಕ ಆಯ್ತು. ನನ್ನ ಮಗನಿಗೆ ಕನ್ನಡದ ಮೇಲೆ ಪ್ರೀತಿ ಹುಟ್ಟಿಬಿಡ್ತು” ಎಂದು ಕಣ್ಣೊರೆಸಿಕೊಂಡರು. ನಾನು ಒಮ್ಮೆ ಪರದೆ ನೋಡಿದೆ, ಒಮ್ಮೆ ಹುಡುಗನ ಮುಖ ನೋಡಿದೆ. ಪ್ರೀತಿ ಹುಟ್ಟಿದ್ದಂತೂ ನಿಜವಾಗಿತ್ತು, ಆದ್ದರಿಂದ ತಾಯಿಯ ಮಾತನ್ನು ತಿದ್ದಲು ಹೋಗಲಿಲ್ಲ.

ಉಳಿದ ಪಾತ್ರಗಳನ್ನು ಬಂದ ಹಿರಿಯರಿಗೇ ಹಂಚಬೇಕಾಯಿತು. ಬೈಯುವ ಅಪ್ಪನ ಪಾತ್ರ ನಮ್ಮ ಯಜಮಾನರಿಗೆ, ಅದಕ್ಕೆ ತಾಲೀಮೇ ಬೇಕಾಗಲಿಲ್ಲ. ನಾಯಕನ ಜೀವದ ಗೆಳೆಯನ ಪಾತ್ರ ತಮಗೇ ಬೇಕೆಂದು ಹಟ ಹಿಡಿದವರು ನೇಪರ್‌ವಿಲ್‌ನ ಹೃದಯದ ಡಾಕ್ಟರು, ವಯಸ್ಸು ಐವತ್ತೆಂಟು.

“ಡಾಕ್ಟ್ರೇ, ಗೆಳೆಯನಿಗೂ ಹದಿನೇಳೇ ವರ್ಷ” ಎಂದು ನೆನಪಿಸಿದೆ.

“ಗೊತ್ತಮ್ಮ. ಅದಕ್ಕೇ ಮೀಸೆಗೂ ಸೇರಿಸಿ ಡೈ ಹಾಕ್ಕೊಂಡು ಬಂದಿರೋದು” ಅಂದರು.

೨. ಅವಳ ಟೈಮು

ಎರಡು ವಾರ ಕಳೆದ ಮೇಲೆ ಹುಡುಗನ ಅಮ್ಮ ನನಗೆ ಫೋನ್ ಮಾಡಿ ಒಂದು ಶುಭ ಸಮಾಚಾರ ಹೇಳಿದರು. ಏಳೂವರೆಗೆ ಎಬ್ಬಿಸಿದರೂ ಏಳದ ಮಗ ಈಗ ಆರೂವರೆಗೆ ತಾನೇ ಎದ್ದು ಸ್ನಾನ ಮುಗಿಸಿರುತ್ತಾನಂತೆ. “ನಾನು ಬಾದಾಮಿ ಹಾಲು ಶುರು ಮಾಡಿದ್ದೆ ನೋಡಿ, ಅದರ ಮಹಿಮೆ” ಅಂದರು.

ಆ ಭಾನುವಾರ ಹತ್ತಕ್ಕೆ ಅಭ್ಯಾಸವೆಂದರೆ ಹುಡುಗ ಒಂಬತ್ತಕ್ಕೇ ನಮ್ಮ ಬಾಗಿಲಲ್ಲಿದ್ದ. ನಾನಿನ್ನೂ ತಲೆಗೆ ಎಣ್ಣೆ ಹಚ್ಚಿಕೊಂಡು ಓಡಾಡುತ್ತಿದ್ದೆ. ಒಳಗೆ ಕರೆದು ದೋಸೆ ಹಾಕಿ ಕೊಡುವಾಗ ಅವನ ಕೈಗಡಿಯಾರ ಕಣ್ಣಿಗೆ ಬಿತ್ತು. ಒಂದು ಗಂಟೆ ಮುಂದಿತ್ತು.

“ನಿನ್ನ ವಾಚು ತಪ್ಪು ತೋರಿಸ್ತಿದೆ ಕಣೋ” ಅಂದೆ.

ಅವನು ತಲೆ ತಗ್ಗಿಸಿ, “ಇಟ್ಸ್ ನಾಟ್ ರಾಂಗ್, ಆಂಟಿ. ದಟ್ಸ್ ಹರ್ ಟೈಮ್” ಅಂದ.

ಡೆಟ್ರಾಯಿಟ್ ನಮಗಿಂತ ಒಂದು ಗಂಟೆ ಮುಂದೆ. ಈ ಮಹಾರಾಯ ಅವಳು ಏಳುವಾಗ ಏಳುತ್ತಾನೆ, ಅವಳ ಶಾಲೆಯ ಊಟದ ಹೊತ್ತಿಗೆ ತನ್ನ ಶಾಲೆಯಲ್ಲಿ ಹಸಿದುಕೊಳ್ಳುತ್ತಾನೆ. “ಅವಳ ಹತ್ತಿರ ಮಾತಾಡಿದ್ದೀಯಾ?” ಎಂದು ಕೇಳಿದೆ. ಇಲ್ಲವಂತೆ. ವಿಡಿಯೋದಲ್ಲಿ ಸುತ್ತ ಆರು ಜನ ಅಂಕಲ್‌ಗಳು, ಬಾಯಲ್ಲಿ ನಾನು ಬರೆದ ಮಾತು. ಅವನಿಗೆ ಬೇಕಾದದ್ದು ಇಷ್ಟೇ: ಒಂದು ಸಲ, ಸ್ಕ್ರಿಪ್ಟ್ ಇಲ್ಲದೆ, ಅಂಕಲ್‌ಗಳಿಲ್ಲದೆ, ಎದುರಿಗೆ ಕೂತು ಅವಳ ಜೊತೆ ಅರ್ಧ ಗಂಟೆ ಮಾತಾಡಬೇಕು. ಅವಳು ಮುಂದಿನ ವರ್ಷ ಕಾಲೇಜಿಗೆಂದು ಕ್ಯಾಲಿಫೋರ್ನಿಯಾಗೆ ಹೋಗುತ್ತಾಳೆಂದು ಯಾರೋ ಹೇಳಿದ್ದರು. ನಾಟಕ ಮುಗಿದ ಮೇಲೆ ಮತ್ತೆ ಅವಳನ್ನು ನೋಡುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ನಾನು ನಗಬೇಕೆಂದಿದ್ದೆ, ಆಗಲಿಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷವೆಲ್ಲ ನನ್ನ ಕೈಗಡಿಯಾರದಲ್ಲೂ ಮೈಸೂರಿನ ಸಮಯವೇ ಇತ್ತು, ನಮ್ಮಮ್ಮ ಈಗ ಏನು ಮಾಡುತ್ತಿರಬಹುದೆಂದು ನೋಡಲಿಕ್ಕೆ. ಇನ್ನೊಂದು ದೋಸೆ ಹಾಕಿದೆ.

ಅತ್ತ ಅವನಮ್ಮ ಬಾದಾಮಿ ಪುಡಿಯ ವಿಧಾನವನ್ನು ತಮ್ಮ ಇಡೀ ಬಡಾವಣೆಗೆ ಹಂಚಿದರು. ನೇಪರ್‌ವಿಲ್‌ನ ಹನ್ನೆರಡು ಹುಡುಗರು ಆರು ವಾರ ಬಾದಾಮಿ ಹಾಲು ಕುಡಿದರು. ಒಬ್ಬನೂ ಏಳೂವರೆಗಿಂತ ಮುಂಚೆ ಏಳಲಿಲ್ಲ, ಎಲ್ಲರೂ ದಪ್ಪಗಾದರು.

೩. ಹೊಟ್ಟೆ ಸೀಳಿದ ಅಕ್ಷರ

ಹುಡುಗನಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದ್ದರಿಂದ ಅವನ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟಿದ್ದೆ. ಅದೇ ನಾನು ಮಾಡಿದ ತಪ್ಪು.

ನಾಯಕ ಹೇಳಬೇಕಾದದ್ದು: ‘ನಿನ್ನ ಮನೆ ಮುಂದೆ ಮಳೆ ಬಂದರೂ ನಿಂತಿದ್ದೆ.’ ಇಂಗ್ಲಿಷಿನ ನಾಲ್ಕಕ್ಷರದಲ್ಲಿ ಬರೆದ ನಮ್ಮ ‘ಮನೆ’ ಅವನ ಕಣ್ಣಿಗೆ ಕುದುರೆಯ ಜೂಲಾಗಿ ಕಂಡಿತು, ‘ಮಳೆ’ ಗಂಡಸಾಗಿ ಕಂಡಿತು. ಎದೆ ಉಬ್ಬಿಸಿ, “ನಿನ್ನ ಮೇನ್ ಮುಂದೆ ಮೇಲ್ ಬಂದರೂ ನಿಂತಿದ್ದೆ” ಅಂದ. ಪರದೆಯಾಚೆ ಹುಡುಗಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲು ‘ನಿನಗೊಂದು ಓಲೆ ತಂದಿದ್ದೇನೆ’ ಎಂದಿತ್ತು, ಅಂದರೆ ಪ್ರೇಮಪತ್ರ. ಅವನು ‘ಓ’ವನ್ನು ಕುಗ್ಗಿಸಿ, “ನಿನಗೊಂದು ಒಲೆ ತಂದಿದ್ದೇನೆ” ಅಂದ.

“ಗ್ಯಾಸಿಂದೋ, ಕರೆಂಟಿಂದೋ?” ಎಂದು ಅತ್ತಲಿಂದ ಕೇಳಿದಳು. ಎರಡೂ ಊರಿನ ಬೇಸ್‌ಮೆಂಟು ನಕ್ಕಿತು.

ಬೇರೆ ಹುಡುಗನಾಗಿದ್ದರೆ ಅವತ್ತೇ ನಾಟಕ ಬಿಟ್ಟಿರುತ್ತಿದ್ದ. ಇವನು ಕಾಗದಗಳನ್ನು ನನ್ನ ಕೈಗೆ ವಾಪಸ್ ಕೊಟ್ಟು, “ರಿಯಲ್ ಕನ್ನಡದಲ್ಲಿ ಕೊಡು ಆಂಟಿ, ನಾನು ಕಲೀತೀನಿ” ಅಂದ. ಮೂರೇ ವಾರ. ಶಾಲೆಯ ಲಾಕರಿನಲ್ಲಿ, ಕಾರಿನ ಕನ್ನಡಿಯ ಮೇಲೆ, ಅಮ್ಮನ ಫ್ರಿಜ್ ಮೇಲೆ, ಎಲ್ಲ ಕಡೆ ಹಳದಿ ಚೀಟಿ ಅಂಟಿಸಿಕೊಂಡು ಕಾಗುಣಿತ ಕಲಿತ. ಈ ದೇಶದಲ್ಲಿ ಹನ್ನೊಂದು ವರ್ಷ ಕನ್ನಡ ತರಗತಿ ನಡೆಸಿದವರನ್ನು ಬಲ್ಲೆ. ಇಷ್ಟು ಬೇಗ ಕಲಿತವನನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ.

ಕಲಿತದ್ದೇ ತಡ, ಹುಡುಗಿಗೆ ಕನ್ನಡದಲ್ಲಿ ಮೊದಲ ಮೆಸೇಜ್ ಕಳಿಸಿದ: ‘ದನ್ಯವಾದ’. ಎರಡು ನಿಮಿಷದಲ್ಲಿ ಉತ್ತರ ಬಂತು: ‘ದ ಹೊಟ್ಟಿ ಸೀಳಬೇಕಿತ್ತು.’

ಕನ್ನಡ ಕಲಿತವರಿಗೆ ಗೊತ್ತು, ಕೆಳಗೆ ಗೀಟು ಎಳೆದು ಮಹಾಪ್ರಾಣ ಮಾಡುವುದಕ್ಕೆ ನಾವು ಹೊಟ್ಟೆ ಸೀಳುವುದು ಅನ್ನುತ್ತೇವೆ. ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮುಖ ಬಿಳಿಚಿಕೊಂಡು ಅವನು ಓಡಿ ಹೋದದ್ದು ತನ್ನ ಜೀವದ ಗೆಳೆಯನ ಹತ್ತಿರ. “ಅಂಕಲ್, ಶೀ ವಾಂಟ್ಸ್ ಸಮ್‌ವನ್ಸ್ ಸ್ಟಮಕ್ ಕಟ್” ಎಂದು ಫೋನ್ ತೋರಿಸಿದ.

ಡಾಕ್ಟರು ಕನ್ನಡಕ ಏರಿಸಿ ಎರಡು ಸಲ ಓದಿ, “ನಾನು ಎದೆ ಡಾಕ್ಟ್ರಪ್ಪ. ಹೊಟ್ಟೆ ಸೀಳೋದಾದ್ರೆ ಸರ್ಜನ್‌ಗೆ ರೆಫರ್ ಮಾಡ್ತೀನಿ” ಅಂದರು.

೪. ಬಾರೋ ಒಳಗೆ

ಅಕ್ಟೋಬರಿನಲ್ಲಿ ಒಂದು ಶನಿವಾರ ನಾರ್ತ್‌ವಿಲ್ ತಂಡ ನಮ್ಮ ಮನೆಗೇ ಅಭ್ಯಾಸಕ್ಕೆ ಬಂತು. ಹುಡುಗಿಯನ್ನು ಅವಳಪ್ಪನೇ ಡ್ರೈವ್ ಮಾಡಿಕೊಂಡು ಬರುವವರಿದ್ದರು. ಕಾರು ಕಂಪನಿಯಲ್ಲಿ ಎಂಜಿನಿಯರು, ಆರಡಿ ಎತ್ತರ, ದಪ್ಪ ಮೀಸೆ, ನಗು ಕಡಿಮೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಹುಡುಗ ಕನ್ನಡ ಮಾತಾಡುವುದನ್ನು ಕಲಿತದ್ದು ಒಬ್ಬರಿಂದಲೇ, ಅಮ್ಮನಿಂದ. ಅಮ್ಮ ಅವನಿಗೆ ಏನು ಹೇಳುತ್ತಿದ್ದರೋ ಅಷ್ಟೇ ಅವನ ಕನ್ನಡ. ಏಕವಚನ ಬಿಟ್ಟು ಇನ್ನೊಂದು ವಚನ ಇದೆಯೆಂಬುದು ಅವನಿಗೆ ತಿಳಿದಿರಲಿಲ್ಲ. ಅವತ್ತು ಬಾಗಿಲು ತೆರೆಯುವ ಕೆಲಸ ತನ್ನದೆಂದು ಅವನೇ ವಹಿಸಿಕೊಂಡಿದ್ದ. ಹುಡುಗಿಯ ಅಪ್ಪನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಬಾರದು, ಕನ್ನಡದಲ್ಲೇ ಸ್ವಾಗತಿಸಬೇಕೆಂದು ತಯಾರಾಗಿಯೂ ಬಂದಿದ್ದ.

ಕರೆಗಂಟೆ ಸದ್ದಾಯಿತು. ಹುಡುಗ ಬಾಗಿಲು ತೆಗೆದು, ಆರಡಿಯ ಆ ಮನುಷ್ಯರನ್ನು ತಲೆಯೆತ್ತಿ ನೋಡಿ, ತುಂಬು ಪ್ರೀತಿಯಿಂದ ಹೇಳಿದ: “ಬಾರೋ ಒಳಗೆ. ಯಾಕೋ ಇಷ್ಟು ಲೇಟು? ಶೂ ಬಿಚ್ಚು. ಕೈ ತೊಳ್ಕೊಂಡು ಬಾ, ತಿಂಡಿ ಕೊಡ್ತೀನಿ.”

ಅಡುಗೆ ಮನೆಯಲ್ಲಿದ್ದ ನನ್ನ ಕೈಯಿಂದ ಸೌಟು ಬೀಳುವುದೊಂದು ಬಾಕಿ. ಹುಡುಗಿ ಅಪ್ಪನ ಬೆನ್ನ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಹುಡುಗನ ಅಮ್ಮ ಗೋಡೆ ಹಿಡಿದುಕೊಂಡರು. ಆ ಮನುಷ್ಯರು ಬಗ್ಗಿ ಶೂ ಬಿಚ್ಚಿದರು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಸೋಫಾದ ತುದಿಯಲ್ಲಿ ಕೂತರು.

ನಾನು ಓಡಿ ಬಂದು, “ತಪ್ಪು ತಿಳ್ಕೋಬೇಡಿ, ಹುಡುಗನಿಗೆ ಬಹುವಚನ ಗೊತ್ತಿಲ್ಲ” ಎಂದು ಕೈ ಮುಗಿದೆ.

ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. “ಇರ್ಲಿ ಬಿಡ್ರಿ. ನಮ್ಮವ್ವ ಹೋದ ಮ್ಯಾಲ ನನಗ ಹಿಂಗ ಕರದವ್ರು ಯಾರೂ ಇಲ್ಲ” ಅಂದರು. ಆಮೇಲೆ ಹುಡುಗನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಕೇಳಿದರು: “ತಿಂಡಿ ಏನೈತಿ?”

೫. ಎದೆ ಬಡಿತ

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ಹುಡುಗ ತನ್ನ ಬಳಗವನ್ನು ಸೇರಿಸಿ ಸಲಹೆ ಕೇಳಿದ. ಬಳಗ ಅಂದರೆ ಡಾಕ್ಟರು ಮತ್ತು ನಮ್ಮ ಯಜಮಾನರು. ಅವನ ಶಾಲೆಯ ಗೆಳೆಯರು, ‘ಜಸ್ಟ್ ಟೆಕ್ಸ್ಟ್ ಹರ್’ ಎಂದು ಹೇಳಿ ಕೈ ತೊಳೆದುಕೊಂಡಿದ್ದರಂತೆ. ಈ ಇಬ್ಬರು ಮಾತ್ರ ನಮ್ಮ ಊಟದ ಮೇಜಿನ ಸುತ್ತ ಒಂದು ಗಂಟೆ ಕೂತು ಗಂಭೀರವಾಗಿ ಚರ್ಚೆ ಮಾಡಿದರು.

“ಅವಳನ್ನ ಹೊರಗೆ ಕರೆಯೋದು ಹೇಗೆ ಅಂಕಲ್? ಆಂಟೀನ ನೀವು ಹೇಗೆ ಕರೆದಿರಿ?” ಎಂದು ಅವನು ನಮ್ಮ ಯಜಮಾನರನ್ನು ಕೇಳಿದ. ಅಷ್ಟರಲ್ಲಿ ಬಹುವಚನ ಕಲಿತಿದ್ದ.

ಅವರು ಬಹಳ ಯೋಚಿಸಿದರು. “ನಾನು ಕರೀಲಿಲ್ಲಪ್ಪ. ಅವರ ಮನೆಗೆ ಹೋದೆ, ಕೇಸರಿಬಾತ್ ಕೊಟ್ರು, ತಿಂದೆ. ಮನೆಗೆ ಬಂದು ಚೆನ್ನಾಗಿತ್ತು ಅಂದೆ. ನಾನು ಹೇಳಿದ್ದು ಕೇಸರಿಬಾತ್‌ನ, ಮನೆಯವರು ಹುಡುಗೀನ ಅಂದ್ಕೊಂಡು ಮದುವೆ ಮಾಡಿಸಿಬಿಟ್ರು.”

ಮೂವತ್ತು ವರ್ಷದಲ್ಲಿ ಈ ವಿಷಯ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಸದ್ಯಕ್ಕೆ ಅದನ್ನು ಬದಿಗಿಟ್ಟೆ.

ಹುಡುಗ ಡಾಕ್ಟರ ಕಡೆ ತಿರುಗಿ, ಅವಳ ಹೆಸರು ಫೋನಿನಲ್ಲಿ ಬಂದರೆ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ ಅಂದ. ಗೆಳೆಯನಾಗಿ ಬೆನ್ನು ತಟ್ಟಬೇಕಾದ ಡಾಕ್ಟರು ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು. ಕೂತಲ್ಲೇ ನೂರಾ ಹದಿನೆಂಟು. ಅವರ ಮುಖ ಸಣ್ಣದಾಯಿತು. “ಕಾಫಿ ಎಷ್ಟು ಕುಡೀತೀಯ? ನಿದ್ದೆ ಹೇಗಿದೆ? ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇದೆಯಾ?” ಎಂದು ಒಂದೇ ಸಮನೆ ಕೇಳಿ, ಸೋಮವಾರ ಇಸಿಜಿಗೆ ಬಾ ಅಂದರು.

ಹುಡುಗ ನಿಜವಾಗಿಯೂ ಹೋದ. ಪಾಪ, ಗೆಳೆಯನ ಮಾತು. ಇಸಿಜಿ ಸರಿಯಾಗಿಯೇ ಬಂತು. ಅದನ್ನು ಓದಿದ ಮೇಲೆ ಡಾಕ್ಟರು ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂತು ಸುಮ್ಮನೆ ತಮ್ಮ ನಾಡಿ ಎಣಿಸಿಕೊಂಡರಂತೆ. ಅರವತ್ತೆರಡು. “ಏನ್ರೀ, ಹುಷಾರಿಲ್ವಾ?” ಎಂದು ಆಕೆ ಕೇಳಿದಾಗ ಅರವತ್ನಾಲ್ಕಕ್ಕೆ ಏರಿತಂತೆ. ಆ ಎರಡರ ಖುಷಿಗೆ ಆಕೆಯನ್ನು ಅವತ್ತು ಊಟಕ್ಕೆ ಹೊರಗೆ ಕರೆದುಕೊಂಡು ಹೋದರು.

೬. ಬರ್ತೀನಿ

ನಾರ್ತ್‌ವಿಲ್‌ನಲ್ಲಿ ನಾಟಕ ಚೆನ್ನಾಗಿ ಆಯಿತು. ಹುಡುಗ ಒಂದು ಅಕ್ಷರ ತಪ್ಪಲಿಲ್ಲ. ಡಾಕ್ಟರ ಮೀಸೆಯ ಡೈ ಬೆವರಿಗೆ ಸ್ವಲ್ಪ ಇಳಿದದ್ದು ಬಿಟ್ಟರೆ ಬೇರೆ ಅನಾಹುತವಿಲ್ಲ. ಕಾರ್ಯಕ್ರಮ ಮುಗಿದು ಪಾರ್ಕಿಂಗ್ ಲಾಟಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬೀಳ್ಕೊಟ್ಟು, ಅವರವರಿಗೆ ಗೊತ್ತು ಮಾಡಿದ್ದ ಮನೆಗಳಲ್ಲಿ ತಂಗಿದೆವು.

ಮಾರನೆಯ ಬೆಳಗ್ಗೆ ವಾಪಸ್ ಹೊರಟಾಗ ನಮ್ಮ ವ್ಯಾನಿನಲ್ಲಿ ನಾಲ್ಕೇ ಜನ: ನಮ್ಮ ಯಜಮಾನರು, ಡಾಕ್ಟರು, ನಾನು, ಹುಡುಗ. ಅವನಮ್ಮ ಬಟ್ಟೆಬರೆ ತುಂಬಿದ ಬೇರೆ ಕಾರಿನಲ್ಲಿ ಮುಂದೆ ಹೋಗಿದ್ದರು. ಊರಂಚಿನಲ್ಲಿ, ಸೇಬಿನ ರಸ ಮತ್ತು ಬಿಸಿ ಡೋನಟ್ ಮಾರುವ ಒಂದು ಸೈಡರ್ ಮಿಲ್ಲಿದೆ. ಹುಡುಗ ಅಲ್ಲಿ ನಿಲ್ಲಿಸಲು ಹೇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಮೇಲೆ ಜಾಕೆಟ್ ಇಲ್ಲ. ಹೊರಗೆ ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ.

“ಅವಳು ಹತ್ತು ಗಂಟೆಗೆ ಬರ್ತಾಳೆ. ನಾನು ನಿನ್ನೆ ಕೇಳ್ದೆ, ಕನ್ನಡದಲ್ಲೇ” ಅಂದ. ಮುಖ ಬೆಳಗುತ್ತಿತ್ತು.

ನಮಗೆಲ್ಲ ರೋಮಾಂಚನ. “ಏನಂತ ಕೇಳ್ದೆ?” ಅಂದೆ.

“ನಾಳೆ ಹತ್ತು ಗಂಟೆಗೆ ಸೈಡರ್ ಮಿಲ್‌ಗೆ ಬರ್ತೀಯಾ ಅಂತ.”

“ಅವಳೇನಂದ್ಲು?”

“ಬರ್ತೀನಿ.”

ಡಾಕ್ಟರು ಮೆಲ್ಲಗೆ ಕೇಳಿದರು: “ಇದನ್ನ ಹೇಳುವಾಗ ಅವಳು ಏನು ಮಾಡ್ತಿದ್ಲು?”

“ಕಾರ್ ಹತ್ತುತಾ ಇದ್ಲು, ಅಂಕಲ್.”

ಹುಡುಗ ಇಳಿದು ಹೋಗಿ ಎರಡು ಡೋನಟ್ ಕೊಂಡು ಬಾಗಿಲ ಪಕ್ಕದ ಬೆಂಚಿನ ಹತ್ತಿರ ನಿಂತ. ವ್ಯಾನಿನಲ್ಲಿ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ಅಪಶಕುನವೆಂದು ನಾವೆಲ್ಲ ‘ಬರ್ತೀನಿ’ ಅನ್ನುತ್ತೇವೆ. ಆ ಹುಡುಗಿ ನಿನ್ನೆ ಕಾರು ಹತ್ತುವ ಮೊದಲು ಅಜ್ಜಿ ಕಲಿಸಿದ ಪ್ರಕಾರ ಪ್ರತಿಯೊಬ್ಬರ ಹತ್ತಿರವೂ ಬಂದು, “ಬರ್ತೀನ್ರಿ ಆಂಟಿ, ಬರ್ತೀನ್ರಿ ಅಂಕಲ್” ಎಂದು ಹೇಳಿದ್ದಳು. ನನಗೂ ಹೇಳಿದ್ದಳು. ಡಾಕ್ಟರಿಗೂ ಹೇಳಿದ್ದಳು. ಕಮ್ಮಿಯೆಂದರೆ ನಲವತ್ತು ಜನರಿಗೆ ಹೇಳಿದ್ದಳು. ಉಳಿದ ಮೂವತ್ತೊಂಬತ್ತು ಜನ ಚಳಿಯಲ್ಲಿ ಡೋನಟ್ ಹಿಡಿದು ನಿಂತಿರಲಿಲ್ಲ. ಅವನ ಮನೆಯಲ್ಲಿ ಅಮ್ಮ ಆಫೀಸಿಗೆ ಹೊರಡುವಾಗ ‘ಬೈ ಕಂದ’ ಅನ್ನುತ್ತಾರೆ. ಅವನಿಗೆ ಇದು ತಿಳಿಯುವುದಾದರೂ ಹೇಗೆ?

ಹತ್ತಾಯಿತು. ಹತ್ತೂ ಹತ್ತಾಯಿತು. ಪ್ರತಿ ಕಾರು ತಿರುಗಿದಾಗಲೂ ಅವನು ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

“ಯಾರಾದ್ರೂ ಹೇಳ್ಬೇಕು” ಅಂದರು ನಮ್ಮ ಯಜಮಾನರು. “ಡಾಕ್ಟ್ರೇ, ಕೆಟ್ಟ ಸುದ್ದಿ ಹೇಳಿ ನಿಮಗೆ ಅಭ್ಯಾಸ ಇದೆ.”

“ಮೂವತ್ತು ವರ್ಷದಿಂದ ಹೇಳಿದ್ದೀನಿ. ಇದನ್ನ ನನ್ನ ಕೈಲಿ ಹೇಳಕ್ಕಾಗಲ್ಲ” ಎಂದು ಡಾಕ್ಟರು ಕಿಟಕಿ ಕಡೆ ತಿರುಗಿದರು.

ಕೊನೆಗೆ ನಾನೇ ಇಳಿದೆ. ಶಾಲು ಕೊಡಲು ಹೋದರೆ ಬೇಡವೆಂದ. ಹೇಗೋ ಮಾತು ಶುರು ಮಾಡಿ, ನಮ್ಮಲ್ಲಿ ಹೋಗುವವರು ‘ಬರ್ತೀನಿ’ ಅನ್ನುವ ಪದ್ಧತಿಯನ್ನು ವಿವರಿಸಿದೆ. ಹೇಳುತ್ತ ಹೇಳುತ್ತ ನನಗೇ ನಾವೆಂಥ ಜನ ಅನ್ನಿಸಿತು. ಅವನ ಕೈಯಲ್ಲಿದ್ದ ಡೋನಟ್ಟಿನ ಕಾಗದ ಸದ್ದು ಮಾಡುವುದು ನಿಂತಿತು.

ಆಮೇಲೆ ಕೇಳಿದ: “ನಿಜವಾಗ್ಲೂ ಬರೋದಾದ್ರೆ ಏನಂತಾರೆ, ಆಂಟಿ?”

“ಅದಕ್ಕೂ ಬರ್ತೀನಿ ಅಂತಲೇ ಅಂತಾರೆ.”

“ಸೇಮ್ ವರ್ಡ್?”

“ಅದೇ ಮಾತು.”

ಅವನು ಬೆನ್ನು ನೆಟ್ಟಗೆ ಮಾಡಿದ. “ಹಾಗಾದ್ರೆ ಚಾನ್ಸ್ ಇದೆ” ಎಂದು ಮತ್ತೆ ರಸ್ತೆ ನೋಡತೊಡಗಿದ. ನಾನು ಇಂಥ ಹುಡುಗನನ್ನು ನೋಡಿಲ್ಲ. ಅವಳು ಬರದೇ ಹೋಗಿದ್ದರೆ ನಾನೇ ಹೋಗಿ ಅವಳನ್ನು ಎತ್ತಿಕೊಂಡು ಬರುತ್ತಿದ್ದೆ.

ಹತ್ತೂ ಇಪ್ಪತ್ತೈದಕ್ಕೆ ಒಂದು ಕಾರು ಜೋರಾಗಿ ಒಳಗೆ ತಿರುಗಿತು. ನಿಲ್ಲುವ ಮೊದಲೇ ಹುಡುಗಿ ಬಾಗಿಲು ತೆಗೆದಿದ್ದಳು. ಓಡಿ ಬಂದು, ಏದುಸಿರು ಬಿಡುತ್ತ, “ಸಾರಿ, ಸಾರಿ! ಬರ್ತೀನಿ ಅಂತ ಹೇಳಿ ಬಂದೀನಿ, ಹೋಗಬೇಕು ಅಂದ್ರ ಅಪ್ಪಾ ಕೇಳವಲ್ರು. ‘ಎಲ್ಲಾರಿಗೂ ಹಂಗ ಹೇಳಿ ಬಂದೀಯಲ್ಲ, ಅದಕ್ಯಾಕ ಹೋಗಬೇಕು’ ಅಂತಾರ. ಅವ್ರಿಗೆ ತಿಳಿಸಿ ಹೇಳೂದ್ರಾಗ ಅರ್ಧಾ ತಾಸು ಆತು” ಅಂದಳು.

ಕಾರಿನಿಂದ ಇಳಿದ ಅವಳಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕನ್ನಡ ಬಲ್ಲವರೆಂದು ಬೀಗುವ ನಾವು ನಾಲ್ಕು ಜನರೂ ಒಂದು ಮಾತಿಗೆ ತಪ್ಪು ಅರ್ಥ ಹಚ್ಚಿದ್ದೆವು. ಮೂರು ವಾರದಲ್ಲಿ ಕಾಗುಣಿತ ಕಲಿತವನು ಸರಿಯಾಗಿ ಕೇಳಿಸಿಕೊಂಡಿದ್ದ.

ಅವರಿಬ್ಬರೂ ಬೆಂಚಿನ ಮೇಲೆ ಕೂತು ತಣ್ಣಗಾದ ಡೋನಟ್ ತಿಂದರು. ನಾವು ನಾಲ್ವರು ಹಿರಿಯರು ದೂರದಲ್ಲಿ ರಾಶಿ ಹಾಕಿದ್ದ ಕುಂಬಳಕಾಯಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆವು. ಡಾಕ್ಟರು ಒಂದೆರಡರ ಮೇಲೆ ಬೆರಳು ಬಡಿದೂ ನೋಡಿದರು. ಹುಡುಗ ಹುಡುಗಿ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ, ಕೇಳಿಸಬಾರದೆಂದೇ ದೂರ ನಿಂತಿದ್ದೆ. ಆದರೆ ಅವಳು ನಾಲ್ಕು ಸಲ ನಕ್ಕಿದ್ದು ಕೇಳಿಸಿತು, ಅದರಲ್ಲಿ ಎರಡು ಸಲ ಜೋರಾಗಿ. ಅರ್ಧ ಗಂಟೆ ಕೇಳಿದ್ದವನಿಗೆ ಪೂರ್ತಿ ನಲವತ್ತು ನಿಮಿಷ ಸಿಕ್ಕಿತು.

ಹೊರಡುವ ಹೊತ್ತಾಯಿತು. ಹುಡುಗ ಎದ್ದು, ನೇರವಾಗಿ ಹುಡುಗಿಯ ಅಪ್ಪನ ಮುಂದೆ ಹೋಗಿ ನಿಂತ. ಆಗಷ್ಟೇ ನನ್ನಿಂದ ಪಾಠವಾಗಿತ್ತಲ್ಲ, ಯಾರಿಗೂ ಯಾವ ಗೊಂದಲವೂ ಆಗಬಾರದೆಂದು ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದ: “ಹೋಗ್ತೀನಿ, ಅಂಕಲ್.”

ಆ ಮನುಷ್ಯರು ಹೌಹಾರಿಬಿಟ್ಟರು. “ಏ ತಮ್ಮಾ, ಹಂಗ ಅನಬಾರದು! ಹೋಗ್ತೀನಿ ಅಂತಾರೇನು? ಬರ್ತೀನಿ ಅನ್ನಬೇಕು. ಅನ್ನು, ಬರ್ತೀನಿ ಅನ್ನು!”

ಹುಡುಗ ಒಮ್ಮೆ ನನ್ನ ಕಡೆ ನೋಡಿದ, ಒಮ್ಮೆ ಹುಡುಗಿಯ ಕಡೆ ನೋಡಿದ.

“ಬರ್ತೀನಿ, ಅಂಕಲ್” ಅಂದ. ಜೇಬಿನಿಂದ ಫೋನ್ ತೆಗೆದು ಕ್ಯಾಲೆಂಡರ್ ತೆರೆದ. “ಯಾವ ಶನಿವಾರ ಬರ್ಲಿ?”